ಲಂಡನ್ನಿನ ಅರವಟ್ಟಿಗೆಗಳು

ಬಾಯಾರಿದವನಿಗೆ ನೀರು ಕೊಡುವುದು ಪುಣ್ಯಕಾರ್ಯವೆಂಬುದನ್ನು ಎಲ್ಲ ಮತಗಳವರೂ ಒಪ್ಪುವರು. ಕೊಡುವ ನೀರು ಶುದ್ಧವೇ ಎಂದು ನೋಡುವುದೂ ಆ ಪುಣ್ಯಕ್ಕೇ ಸೇರಿದುದೆಂದು ಜನರಿಗೆ ತಿಳಿದುದು ಮಾತ್ರ ಬಹಳ ತಡವಾಗಿ. ಲಂಡನ್ ನಗರವು ಈ ಪಾಠವನ್ನು ಕಲಿತ ಬಗೆಯನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

1854ರ ಆಗಸ್ಟ್ ತಿಂಗಳ ಕೊನೆಯಲ್ಲಿ ಅಲ್ಲಿಯ ಸೋಹೋ ಭಾಗದ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಕಾಣಿಸಿಕೊಂಡಿತು. ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಬೀದಿಯ ಪಂಪಿನ ನೀರೇ ಇದಕ್ಕೆ ಕಾರಣವೆಂದು ಡಾಕ್ಟರ್ ಜಾನ್ ಸ್ನೋ ವಾದಿಸಿದನು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಿದರು. ಸೇಂಟ್ ಲ್ಯೂಕ್ ಚರ್ಚಿನ ಕಿರಿಯ ಪಾದ್ರಿ ಹೆನ್ರಿ ವೈಟ್‌ಹೆಡ್ ಈ ವಾದವನ್ನು ನಂಬಲಿಲ್ಲ. ಅದನ್ನು ಖಂಡಿಸಬೇಕೆಂದೇ ಅವನು ಮನೆಮನೆಗೂ ಹೋಗಿ, ಆ ನೀರನ್ನು ಕುಡಿದವರಾರು, ಕುಡಿಯದವರಾರು ಎಂದು ವಿಚಾರಿಸತೊಡಗಿದನು. ಸತ್ತವರ ಮನೆಗಳಲ್ಲಿ ಅವನು ಪರಿಚಿತನು. ಹೊರಗಿನವರಿಗೆ ಹೇಳದ ಸಂಗತಿಗಳನ್ನು ಅವನಿಗೆ ಹೇಳಿದರು. ವಿಚಾರಿಸಿದಷ್ಟೂ ಡಾಕ್ಟರನ ಮಾತೇ ನಿಜವೆಂದು ಕಂಡಿತು. 40ನೆಯ ನಂಬರಿನ ಮನೆಯ ಹಸುಗೂಸಿಗೆ ಮೊದಲೇ ಭೇದಿ ಹತ್ತಿತ್ತೆಂಬುದನ್ನೂ, ಅದರ ಬಟ್ಟೆ ತೊಳೆದ ನೀರನ್ನು ಸುರಿದ ಕೊಳಚೆಗುಂಡಿಯು ಬಾವಿಗೆ ಮೂರಡಿಗಿಂತಲೂ ಸಮೀಪದಲ್ಲಿತ್ತೆಂಬುದನ್ನೂ ಬೆಳಕಿಗೆ ತಂದ ಕೀರ್ತಿ ಈ ಪಾದ್ರಿಯದು. ಎದುರಾಳಿಯ ಪಕ್ಷಕ್ಕೆ ತಾನೇ ಸಾಕ್ಷ್ಯ ಒದಗಿಸಿ ಸೋಲನ್ನೊಪ್ಪಿಕೊಂಡವರು ಚರಿತ್ರೆಯಲ್ಲಿ ವಿರಳ.

ಇದಾದ ಐದು ವರ್ಷಗಳಿಗೆ, 1859ರ ಏಪ್ರಿಲ್ 21ರಂದು, ಹಾಲ್ಬೋರ್ನಿನ ಸೇಂಟ್ ಸೆಪಲ್ಕರ್ ಚರ್ಚಿನ ಕಂಬಿಬೇಲಿಯಲ್ಲಿ ನಗರದ ಮೊದಲನೆಯ ಧರ್ಮಾರ್ಥ ಕುಡಿಯುವ ನೀರಿನ ಕಾರಂಜಿ ತೆರೆಯಿತು. ಅದನ್ನು ಕಟ್ಟಿಸಿದ ಸಂಘದ ಸ್ಥಾಪಕನು ಸ್ಯಾಮ್ಯುಯಲ್ ಗರ್ನಿ, ಕ್ವೇಕರ್ ಪಂಥದವನು. ಇದರ ಮಹತ್ವ ನಮಗೆ ಒಮ್ಮೆಗೇ ತಿಳಿಯದು. ರಾಜಮಾನ್ಯ ಚರ್ಚಿಗೆ ಕೊಡಬೇಕಾದ ಕಂದಾಯವನ್ನು ಕ್ವೇಕರರು ಮನಸ್ಸಾಕ್ಷಿಯ ಹೆಸರಿನಲ್ಲಿ ನಿರಾಕರಿಸಿ, ಮನೆಯ ಸಾಮಾನು ಜಪ್ತಿಯಾದರೂ ಸಹಿಸಿಕೊಂಡು ಬಂದವರು. ಆ ಕಂದಾಯದ ಬಲಾತ್ಕಾರ ತಪ್ಪಿದುದು 1868ರಲ್ಲಿ. ಹಾಗಿದ್ದೂ ಕ್ವೇಕರನು ಮುಂದೆ ನಿಂತು ನೀರು ತರಿಸಿದನು. ಚರ್ಚು ಸ್ಥಳ ಕೊಟ್ಟಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನ ಮಗಳು ಮೊದಲ ಬಟ್ಟಲನ್ನು ಕುಡಿದಳು. ನೀರು ಶೋಧಿಸಿದುದಾಗಿರಬೇಕೆಂಬುದು ಸಂಘದ ನಿಯಮ. ಬಟ್ಟಲು ಮಾತ್ರ ಸರಪಣಿಗೆ ಕಟ್ಟಿದ್ದು, ಸಾವಿರಾರು ಬಾಯಿಗಳಿಗೆ ಒಂದೇ! ರೋಗಾಣುಗಳ ವಿಷಯ ಆಗ ಯಾರಿಗೆ ಗೊತ್ತು?

ಕೆಲವೇ ವರ್ಷಗಳಲ್ಲಿ ಭಾರತೀಯರ ಕೈಯೂ ಇಂಥ ಕಾರ್ಯಕ್ಕೆ ಕೂಡಿತು. ಆಕ್ಸ್‌ಫರ್ಡ್ ಪ್ರಾಂತದ ಸ್ಟೋಕ್ ರೋ ಎಂಬ ಹಳ್ಳಿಯಲ್ಲಿ ನೀರಿಗೆ ಬರವೆಂದು ಎಡ್ವರ್ಡ್ ರೀಡ್ ಎಂಬ ಅಧಿಕಾರಿಯಿಂದ ಕೇಳಿದ್ದ ಕಾಶೀ ಮಹಾರಾಜ ಈಶ್ವರೀಪ್ರಸಾದ ನಾರಾಯಣಸಿಂಹನು, ಅಲ್ಲಿ 368 ಅಡಿ ಆಳದ ಬಾವಿಯನ್ನು ತೋಡಿಸಿಕೊಟ್ಟನು. ಅಷ್ಟನ್ನೂ ಕೈಯಿಂದಲೇ ಅಗೆದರು. 1864ರಲ್ಲಿ ನೀರು ಊರಿಗೆ ಒದಗಿತು. ಗಂಗಾತೀರದ ದೊರೆಯು ಥೇಮ್ಸ್ ನದಿಯ ಸೀಮೆಗೆ ಕೊಟ್ಟ ನೀರು! 1869ರಲ್ಲಿ ಮುಂಬಯಿಯ ಪಾರಸಿ ಶ್ರೀಮಂತ ಕಾವಸಜಿ ಜೆಹಾಂಗೀರ್ ರೆಡಿಮನಿಯು ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕಾರಂಜಿಯೊಂದನ್ನು ಕಟ್ಟಿಸಿದನು.

ಪೂರ್ವ ಲಂಡನ್ನಿನ ಯೆಹೂದ್ಯರಲ್ಲಿ ಹಲವರು ರಷ್ಯಾ ಸಾಮ್ರಾಜ್ಯದ ಹಿಂಸೆಗೆ ಅಂಜಿ ಓಡಿಬಂದ ಬಡವರು. ಇವರು ವಂತಿಗೆ ಕೂಡಿಸಿ, ಏಳನೆಯ ಎಡ್ವರ್ಡ್ ದೊರೆಯ ಸ್ಮಾರಕವಾಗಿ ವೈಟ್‌ಚಾಪೆಲ್ ರಸ್ತೆಯಲ್ಲಿ ಕುಡಿಯುವ ನೀರಿನ ಕಾರಂಜಿಯನ್ನು ನಿಲ್ಲಿಸಿದರು. ಅದರ ಮೇಲೆ 1911 ಎಂಬ ಇಸವಿಯೂ, ಹಣ ಕೊಟ್ಟವರು ಯೆಹೂದ್ಯರೆಂಬ ಬರಹವೂ ಇವೆ.