ಲೋಹಗಳ ಸಮಾನ ರಾಶಿ: ತಕ್ಕಡಿಯಿಂದ ಹುಟ್ಟಿದ ಲೆಕ್ಕ

ಆಮ್ಲದಿಂದ 1 ಗ್ರಾಂ ಹೈಡ್ರೋಜನ್ನನ್ನು ಹೊರಹಾಕುವ, ಇಲ್ಲವೇ 8 ಗ್ರಾಂ ಆಕ್ಸಿಜನ್ನಿನೊಡನೆ ಕೂಡುವ ಲೋಹದ ತೂಕವೇ ಆ ಲೋಹದ ಸಮಾನ ರಾಶಿ. ಪರಮಾಣುವಿನ ಮಾತೇ ಇಲ್ಲದ ಈ ವ್ಯಾಖ್ಯೆಯಲ್ಲಿ ಅದರ ಬಲವೂ ಇದೆ, ಮಿತಿಯೂ ಇದೆ.

ಆಮ್ಲ, ಪ್ರತ್ಯಾಮ್ಲಗಳು ಗೊತ್ತಾದ ಪ್ರಮಾಣದಲ್ಲೇ ಒಂದನ್ನೊಂದು ತಟಸ್ಥಗೊಳಿಸುತ್ತವೆಂದು ಜರ್ಮನಿಯ ಜೆರೆಮಿಯಾಸ್ ರಿಕ್ಟರ್ 1792ರಿಂದ ಬರೆಯತೊಡಗಿದ. ಗಣಿತದ ಗೀಳಿನಿಂದ ಕಗ್ಗಂಟಾಗಿದ್ದ ಅವನ ಪಟ್ಟಿಗಳನ್ನು 1802ರಲ್ಲಿ ಫಿಷರ್ ಒಂದಾಗಿಸಿದ. 1814ರಲ್ಲಿ ಇಂಗ್ಲೆಂಡಿನ ವುಲಸ್ಟನ್ ಆಕ್ಸಿಜನ್ನಿಗೆ 10 ಎಂಬ ಬೆಲೆ ಕೊಟ್ಟು, ಸಮಾನ ತೂಕಗಳನ್ನು ಜಾರುಪಟ್ಟಿಯ ಮೇಲೆ ಕೆತ್ತಿಸಿದ. ಡಾಲ್ಟನ್ನನ ಪರಮಾಣು ತೂಕಗಳಲ್ಲಿ ಊಹೆ ಬೆರೆತಿದೆ, ಸಮಾನ ತೂಕ ಮಾತ್ರ ಪ್ರಯೋಗಸಿದ್ಧ ಎಂಬುದು ಅವನ ವಾದ.

ಲೆಕ್ಕ ಸರಳ. 0.243 ಗ್ರಾಂ ಮೆಗ್ನೀಸಿಯಂ ಪಟ್ಟಿಯನ್ನು ಆಮ್ಲದಲ್ಲಿ ಕರಗಿಸಿ, ಬಂದ ಹೈಡ್ರೋಜನ್ನನ್ನು ನೀರಿನ ಮೇಲೆ ಹಿಡಿದು, ನೀರಾವಿಯ ಒತ್ತಡ ಕಳೆದು, ಗಾತ್ರವನ್ನು ಪ್ರಮಾಣ ಒತ್ತಡ ಮತ್ತು ಉಷ್ಣತೆಗೆ ತಂದರೆ ಸುಮಾರು 224 ಮಿಲಿಲೀಟರ್ ಸಿಗುತ್ತದೆ. 1 ಗ್ರಾಂ ಹೈಡ್ರೋಜನ್ನಿನ ಗಾತ್ರ ಸುಮಾರು 11,200 ಮಿಲಿಲೀಟರ್, ಅಂದರೆ ಇದರ 50 ಪಟ್ಟು. ಹಾಗಾಗಿ ಸಮಾನ ರಾಶಿ 12.15. ತಾಮ್ರ ಸಾರರಿಕ್ತ ಆಮ್ಲದಿಂದ ಹೈಡ್ರೋಜನ್ ಬಿಡಿಸುವುದಿಲ್ಲ. ಅದರ ಕಪ್ಪು ಆಕ್ಸೈಡನ್ನು ಹೈಡ್ರೋಜನ್ ಹರಿಸುತ್ತ ಕಾಯಿಸಿ, ಕಳೆದ ಆಕ್ಸಿಜನ್ನನ್ನು ತೂಗಬೇಕು. 1.59 ಗ್ರಾಂ ಆಕ್ಸೈಡಿನಲ್ಲಿ 1.27 ಗ್ರಾಂ ತಾಮ್ರ ಉಳಿದರೆ, ಹೋದದ್ದು 0.32 ಗ್ರಾಂ, ಸಮಾನ ರಾಶಿ 31.75. ಕೆಂಪು ಆಕ್ಸೈಡಿನಿಂದ ಹೊರಟರೆ ಉತ್ತರ ಇದರ ಎರಡರಷ್ಟು! 1834ರ ಹೊತ್ತಿಗೆ ಫ್ಯಾರಡೆ ಮೂರನೆಯ ದಾರಿ ತೋರಿಸಿದ್ದ: ಒಂದೇ ವಿದ್ಯುತ್ತು ಬೇರೆಬೇರೆ ದ್ರಾವಣಗಳಲ್ಲಿ ಹರಿದಾಗ ಲೋಹಗಳು ತಮ್ಮ ಸಮಾನ ರಾಶಿಯ ಪ್ರಮಾಣದಲ್ಲೇ ಶೇಖರವಾಗುತ್ತವೆ.

ತೊಡಕಿದ್ದದ್ದು ಗುಣಕದಲ್ಲಿ. ಪರಮಾಣು ತೂಕ ಬೇಕಾದರೆ ಸಮಾನ ರಾಶಿಯನ್ನು ಒಂದರಿಂದಲೋ ಎರಡರಿಂದಲೋ ಮೂರರಿಂದಲೋ ಗುಣಿಸಬೇಕು; ಯಾವುದರಿಂದ ಎಂಬುದನ್ನು ತಕ್ಕಡಿ ಹೇಳದು. ಪರಮಾಣು ತೂಕವನ್ನು ವಿಶಿಷ್ಟೋಷ್ಣದಿಂದ ಗುಣಿಸಿದರೆ ಸುಮಾರು 6.4 ಬರುತ್ತದೆಂಬ ಡ್ಯೂಲಾಂಗ್ ಮತ್ತು ಪೆಟಿಯರ 1819ರ ನಿಯಮ ಇಲ್ಲಿ ನೆರವಿಗೆ ಬಂತು. 1863ರಲ್ಲಿ ಫ್ರೈಬರ್ಗಿನಲ್ಲಿ ಸಿಕ್ಕ ಇಂಡಿಯಂನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಸಮಾನ ರಾಶಿ ಸುಮಾರು 37.8. ಎರಡರಿಂದ ಗುಣಿಸಿ 75.6 ಎಂದರು, ಮೆಂಡಲೀವನ ಕೋಷ್ಟಕದಲ್ಲಿ ಆರ್ಸೆನಿಕ್ ಮತ್ತು ಸೆಲೆನಿಯಂಗಳ ನಡುವೆ ಅದಕ್ಕೆ ಜಾಗವಿರಲಿಲ್ಲ. ಮೂರರಿಂದ ಗುಣಿಸಿ, 113 ಎಂದು ಆತ ತಿದ್ದಿದ. ಬುನ್ಸೆನ್ ಅಳೆದ ವಿಶಿಷ್ಟೋಷ್ಣ 0.057 ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

1860ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ನಡೆದ ರಸಾಯನಶಾಸ್ತ್ರಜ್ಞರ ಸಮ್ಮೇಳನದ ನಂತರ ಪರಮಾಣು ತೂಕ ಗೆದ್ದರೂ ಫ್ರಾನ್ಸಿನಲ್ಲಿ ಬರ್ತೆಲೊ ಬಹುಕಾಲ ಸಮಾನ ತೂಕಕ್ಕೇ ಅಂಟಿಕೊಂಡಿದ್ದ. ವಿದ್ವತ್ತಿಗಿಂತ ಹಟವೇ ಹೆಚ್ಚಿನ ನಿಲುವು ಅದು. 1971ರಲ್ಲಿ ಮೋಲ್ ಅಂತರರಾಷ್ಟ್ರೀಯ ಮೂಲಮಾನವಾದ ಮೇಲೆ ಸಮಾನ ರಾಶಿ ಪಠ್ಯಪುಸ್ತಕಗಳಲ್ಲಿ ಹಿಂದೆ ಸರಿಯಿತು. ರಕ್ತಪರೀಕ್ಷೆಯ ವರದಿಗಳಲ್ಲಿ ಸೋಡಿಯಂ, ಪೊಟ್ಯಾಸಿಯಂಗಳ ಪ್ರಮಾಣವನ್ನು ಮಾತ್ರ ಇಂದಿಗೂ ಅನೇಕ ಕಡೆ ಲೀಟರಿಗೆ ಇಷ್ಟು ಮಿಲಿಈಕ್ವಿವಲೆಂಟ್ (ಸಮಾನ ರಾಶಿಯ ಸಾವಿರದಲ್ಲೊಂದು ಪಾಲು) ಎಂದೇ ಬರೆಯುತ್ತಾರೆ.