ಹಿಮ ಬೀಳದ ಊರಿನ ಕೂಲಂಟ್

1948ರಲ್ಲಿ ಅಶೋಕ್ ಮೋಟಾರ್ಸ್ ಆಗಿ ಹುಟ್ಟಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದ ಕಂಪನಿ ಮದರಾಸಿನ ಎನ್ನೂರಿನದು. ಅದರ ಮೊದಲ ಡೀಸೆಲ್ ಎಂಜಿನ್ನುಗಳ ತವರು ಮಾತ್ರ ಇಂಗ್ಲೆಂಡ್. ಅಲ್ಲಿನ ಚಳಿಗೆ ರೇಡಿಯೇಟರಿನ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳಬಾರದೆಂದು ಗ್ಲೈಕಾಲ್ ಬೆರೆಸಬೇಕಿತ್ತು. ಮದರಾಸಿಗೆ ಆ ಭಯವಿಲ್ಲ; ಬರೀ ನೀರೇ ಸಾಕು ಅನ್ನಿಸುವುದು ಸಹಜ.

ಮೋಸವಿರುವುದು ಅಲ್ಲೇ. ಕಡಲ ಮಗ್ಗುಲಿನ ಬೋರ್‌ವೆಲ್ಲಿನ ಗಡಸು ನೀರು ಎಂಜಿನ್ನಿನೊಳಗೆ ತುಕ್ಕು ಹಿಡಿಸಿ, ಸುಣ್ಣದ ಪದರ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ಬಿಸಿ ಒಳಗೇ ಉಳಿಯುತ್ತದೆ. ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಇಲ್ಲಿನ ಹಳೆಯ ಬಸ್ಸಿಗೆ ಕೂಲಂಟ್ ಬೇಕಿರುವುದು ಚಳಿಗಲ್ಲ, ತುಕ್ಕಿಗೆ.

ಎಂಜಿನ್ ತಣಿದ ಮೇಲೆಯೇ ಮುಚ್ಚಳ ತೆಗೆಯಿರಿ. ಹಳೆಯದನ್ನು ಬಸಿದು, ತೊಳೆದು, ಕೈಪಿಡಿ ಹೇಳಿದ ಬಗೆಯನ್ನೇ ಡಿಸ್ಟಿಲ್ಡ್ ವಾಟರ್‌ನೊಂದಿಗೆ ತುಂಬಿ. ಬಸಿದದ್ದನ್ನು ಬಯಲಿಗೆ ಚೆಲ್ಲಬೇಡಿ: ಸಿಹಿಯಾದ ಆ ವಿಷವನ್ನು ನೆಕ್ಕಿದ ಬೀದಿನಾಯಿ ಬದುಕುವುದು ಕಷ್ಟ.