ಆರಿದ್ರಾ: ಮಳೆಯ ಹೆಸರು ಮತ್ತು ಮಳೆಯ ಒಡೆಯ

ಜೂನ್ ಕೊನೆಯ ವಾರ ಬಂತೆಂದರೆ ಆಲಮಟ್ಟಿ ಸುತ್ತಲಿನ ಹಳ್ಳಿಗಳಲ್ಲಿ ಒಂದೇ ಮಾತು: "ಆರಿದ್ರಾ ಮಳಿ ಕೂಡಿತೇನು?" ನಮ್ಮ ಮುಸ್ಲಿಮ್ ರೈತರೂ ಹಾಗೆಯೇ ಕೇಳುತ್ತಾರೆ. ಮಳೆಗೆ ನಕ್ಷತ್ರದ ಹೆಸರಿಡುವುದು ನಮ್ಮ ವಿಶ್ವಾಸಕ್ಕೆ ಸರಿಯೇ?

ಹಿಜರಿ 6ರಲ್ಲಿ ಹುದೈಬಿಯಾದಲ್ಲಿ ರಾತ್ರಿ ಮಳೆಯಾಯಿತು. ಬೆಳಗಿನ ನಮಾಝ್ ಮುಗಿಸಿ ಪ್ರವಾದಿ(ಸ)ಯವರು ಸಹಾಬಿಗಳಿಗೆ ತಿಳಿಸಿದರು: ಅಲ್ಲಾಹನ ಅನುಗ್ರಹದಿಂದ ಮಳೆಯಾಯಿತು ಎಂದವನು ಅಲ್ಲಾಹನಲ್ಲಿ ವಿಶ್ವಾಸವಿಟ್ಟವನು, ಇಂಥ ನಕ್ಷತ್ರದಿಂದ ಮಳೆಯಾಯಿತು ಎಂದವನು ನಕ್ಷತ್ರವನ್ನು ನಂಬಿದವನು. ಬುಖಾರಿಯಲ್ಲಿ ಈ ಹದೀಸ್ ಇದೆ.

ಹಾಗೆಂದು ಮುಸ್ಲಿಮರು ಆಕಾಶ ನೋಡುವುದನ್ನು ಬಿಡಲಿಲ್ಲ. ಕತ್ತಲಲ್ಲಿ ದಾರಿ ತಿಳಿಯಲು ನಕ್ಷತ್ರಗಳಿವೆ ಎಂದು ಕುರ್‌ಆನ್ ಹೇಳುತ್ತದೆ. ಕ್ರಿ.ಶ. 964ರಲ್ಲಿ ಅಬ್ದುರ್ರಹ್ಮಾನ್ ಅಸ್ಸೂಫಿ ನಕ್ಷತ್ರಗಳ ಸ್ಥಾನ, ಹೊಳಪು, ಅರಬಿ ಹೆಸರುಗಳನ್ನು ಚಿತ್ರಸಹಿತ ಬರೆದಿಟ್ಟರು. ನಮ್ಮ ಆರಿದ್ರಾ ಅರಬರಿಗೆ 'ಯದುಲ್ ಜೌಝಾ', ಜೌಝಾಳ ಕೈ. ಲ್ಯಾಟಿನ್‌ಗೆ ಇಳಿಸುವಾಗ 'ಯಾ' ಅಕ್ಷರದ ಎರಡು ಚುಕ್ಕೆಯನ್ನು ಒಂದೆಂದು ತಿಳಿದು 'ಬಾ' ಎಂದು ಓದಿದರು. ಜಗತ್ತು ಇಂದು ಅದನ್ನು ಬೆಟೆಲ್‌ಜ್ಯೂಸ್ ಎನ್ನುತ್ತದೆ.

ನಮ್ಮದೇ ಜಿಲ್ಲೆಯ ವಿಜಯಪುರದಲ್ಲಿ, ಒಂದನೇ ಅಲಿ ಆದಿಲ್ ಶಾಹರ ಕಾಲದಲ್ಲಿ, 1570ರಲ್ಲಿ 'ನುಜೂಮುಲ್ ಉಲೂಮ್' ಎಂಬ ಚಿತ್ರಭರಿತ ಪಾರ್ಸಿ ಗ್ರಂಥ ಸಿದ್ಧವಾಯಿತು. ಅದೀಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರಲ್ಲಿ ನಕ್ಷತ್ರಜ್ಞಾನದ ಜೊತೆ ಜ್ಯೋತಿಷವೂ ತಾಯಿತಗಳೂ ಬೆರೆತಿವೆ. ಅದರ ವಿದ್ಯೆಗೆ ಹೆಮ್ಮೆ ಪಡೋಣ; ಆದರೆ ಹುದೈಬಿಯಾದ ಪಾಠ ಅರಮನೆಯಲ್ಲೂ ಮರೆತುಹೋಗಬಹುದು ಎಂಬುದನ್ನೂ ನೆನೆಯೋಣ.

ಆರಿದ್ರಾ ಒಂದು ಕೆಂಪು ಮಹಾದೈತ್ಯ ತಾರೆ. ಸೂರ್ಯನ ಜಾಗದಲ್ಲಿ ಇಟ್ಟರೆ ಅದು ಭೂಮಿಯ ಕಕ್ಷೆಯನ್ನೂ ನುಂಗೀತು. 2019ರ ಕೊನೆಯಿಂದ 2020ರ ಆರಂಭದವರೆಗೆ ಅದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಯಿತು. ಅದೇ ಉಗುಳಿದ ದ್ರವ್ಯ ಧೂಳಾಗಿ ಬೆಳಕಿಗೆ ಅಡ್ಡಬಂದಿತ್ತೆಂದು ವಿಜ್ಞಾನಿಗಳು ಕಂಡುಕೊಂಡರು. ಇಷ್ಟು ದೊಡ್ಡದೂ ತನ್ನ ಬೆಳಕನ್ನು ತಾನೇ ಕಾಯ್ದುಕೊಳ್ಳಲಾರದು.

ಇನ್ನೊಂದು ಸಂಗತಿ: ಆರಿದ್ರಾ ಮಳೆಯ ದಿನಗಳಲ್ಲಿ ಆ ತಾರೆ ಕಾಣುವುದೇ ಇಲ್ಲ. ಸೂರ್ಯ ಆಗ ಅದರ ದಿಕ್ಕಿನಲ್ಲೇ ಇರುತ್ತಾನೆ. ಅದಕ್ಕಾಗಿಯೇ ಆ ಹೆಸರು. ಅಂದರೆ ಅದು ರೈತನ ಪಂಚಾಂಗ, ಕಾಲದ ಗುರುತು. "ಆರಿದ್ರಾದಲ್ಲಿ ಮಳೆಯಾಯಿತು" ಎಂದರೆ ಲೆಕ್ಕ. "ಆರಿದ್ರಾ ಮಳೆ ಕೊಟ್ಟಿತು" ಎಂದು ನಂಬಿದರೆ ತಪ್ಪು.

ಚಳಿಗಾಲದಲ್ಲಿ ಇಶಾ ಮುಗಿಸಿ ಹೊರಬಂದಾಗ ಮಕ್ಕಳಿಗೆ ಪೂರ್ವದ ಆಕಾಶ ತೋರಿಸಿ. ಸಾಲಾಗಿ ನಿಂತ ಮೂರು ನಕ್ಷತ್ರಗಳ ಎಡಕ್ಕೆ ಕೆಂಪಗೆ ಹೊಳೆಯುವುದೇ ಆರಿದ್ರಾ. ಅದರ ಹೆಸರು ಕಲಿಸಿ, ಅದರ ಒಡೆಯನ ಹೆಸರನ್ನೂ ಕಲಿಸಿ.